ಹಂದಿಮಾಂಸ, ಲಾಡಿಹುಳು, ಫಿಟ್ಸ್: ಕೊಡಗಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಪಂದಿಕರಿ (ಕೊಡಗಿನ ಹಂದಿಮಾಂಸದ ಅಡುಗೆ) ತಿಂದರೆ ಹುಳ ಮಿದುಳಿಗೆ ಹತ್ತುತ್ತದಂತೆ, ನಿಜವೇ?

ಇಲ್ಲ. ಇಲ್ಲಿರುವುದು ಎರಡು ಬೇರೆ ಬೇರೆ ದಾರಿ. ಎರಡನ್ನೂ ಒಂದೇ ಎಂದುಕೊಂಡಲ್ಲಿಂದ ಗೊಂದಲ ಶುರುವಾಗುತ್ತದೆ.

ಹುಳದ ಹೆಸರು ಟೀನಿಯಾ ಸೋಲಿಯಮ್, ಹಂದಿಯ ಲಾಡಿಹುಳು. ರೋಗ ತಗಲಿದ ಹಂದಿಯ ಮಾಂಸಖಂಡದಲ್ಲಿ ಇದರ ಮರಿ ನೀರುಗುಳ್ಳೆಯಾಗಿ ಕೂತಿರುತ್ತದೆ. ಅರೆಬೆಂದ ಮಾಂಸದ ಜೊತೆ ಜೀವಂತ ಗುಳ್ಳೆ ನಮ್ಮ ಹೊಟ್ಟೆ ಸೇರಿದರೆ ಅದು ಸಣ್ಣಕರುಳಿಗೆ ಕಚ್ಚಿಕೊಂಡು, ಸುಮಾರು ಎರಡು ತಿಂಗಳಲ್ಲಿ ಬಲಿತ ಹುಳವಾಗುತ್ತದೆ. ಉದ್ದ ಸಾಮಾನ್ಯವಾಗಿ 2ರಿಂದ 4 ಮೀಟರ್. ಅದು ಕರುಳು ಬಿಟ್ಟು ಕದಲುವುದಿಲ್ಲ. ಇದು ಮೊದಲ ದಾರಿ.

ಎರಡನೆಯ ದಾರಿ ಶುರುವಾಗುವುದು ಆ ಹುಳ ಹೊತ್ತವರ ಮಲದಿಂದ. ಹುಳದ ಬಾಲದ ತುದಿಯಿಂದ ತುಂಡುಗಳು ಕಳಚಿ ಹೊರಬೀಳುತ್ತವೆ, ಒಂದೊಂದು ತುಂಡಿನಲ್ಲಿ ಸುಮಾರು 50,000 ಮೊಟ್ಟೆಗಳಿರುತ್ತವೆ. ಆ ಮೊಟ್ಟೆ ಹಂದಿಯ ಬಾಯಿಗೆ ಹೋದರೆ ಹಂದಿಗೆ ಗುಳ್ಳೆ, ಮನುಷ್ಯರ ಬಾಯಿಗೆ ಹೋದರೆ ಮನುಷ್ಯರಿಗೆ ಗುಳ್ಳೆ. ಮೊಟ್ಟೆಯೊಡೆದ ಮರಿ ಕರುಳಿನ ಗೋಡೆ ತೂರಿ ರಕ್ತಕ್ಕಿಳಿದು ಸ್ನಾಯು, ಕಣ್ಣು, ಮಿದುಳು ಹೀಗೆ ಎಲ್ಲಿ ಬೇಕಾದರೂ ನೆಲೆಸಬಹುದು. ಮಿದುಳಿನಲ್ಲಿ ನೆಲೆಸಿದರೆ ಆ ಕಾಯಿಲೆಗೆ ನ್ಯೂರೋಸಿಸ್ಟಿಸರ್ಕೋಸಿಸ್ ಎನ್ನುತ್ತಾರೆ.

ಮಾಂಸದಿಂದ ಬರುವುದು ಕರುಳಿನ ಹುಳ, ಮಿದುಳಿನ ಗುಳ್ಳೆ ಬರುವುದು ಮನುಷ್ಯರ ಮಲದಿಂದ. ಕೆಳಗಿನ ಉತ್ತರಗಳೆಲ್ಲ ಇದರ ಮೇಲೇ ನಿಂತಿವೆ. ಮೊದಲ ದಾರಿಯನ್ನು 1855ರಲ್ಲಿ ತೋರಿಸಿದವರು ಜರ್ಮನಿಯ ವೈದ್ಯ ಫ್ರೀಡ್ರಿಕ್ ಕ್ಯೂಖೆನ್‌ಮೈಸ್ಟರ್. ಮರಣದಂಡನೆಗೆ ಗುರಿಯಾದ ಕೈದಿಗೆ ಗುಳ್ಳೆಯಿದ್ದ ಹಂದಿಮಾಂಸ ತಿನ್ನಿಸಿ, ಶವಪರೀಕ್ಷೆಯಲ್ಲಿ ಅವನ ಕರುಳಿನಲ್ಲಿ ಎಳೆಯ ಹುಳಗಳನ್ನು ಕಂಡರು. ಆ ಪ್ರಯೋಗವನ್ನು ಮೆಚ್ಚಬೇಕಿಲ್ಲ, ತೀರ್ಮಾನ ಮಾತ್ರ ಇಂದಿಗೂ ಸರಿ.

ನಾವು ಶುದ್ಧ ಸಸ್ಯಾಹಾರಿಗಳು. ನಮಗೂ ಬರಬಹುದೇ?

ಬರಬಹುದು. ನ್ಯೂಯಾರ್ಕ್‌ನಲ್ಲಿ ಹಂದಿಮಾಂಸವನ್ನು ಧರ್ಮದ ಕಾರಣಕ್ಕೇ ಮುಟ್ಟದ ಸಂಪ್ರದಾಯಸ್ಥ ಯಹೂದಿ ಕುಟುಂಬಗಳಲ್ಲಿ ನ್ಯೂರೋಸಿಸ್ಟಿಸರ್ಕೋಸಿಸ್ ಕಾಣಿಸಿಕೊಂಡದ್ದು 1992ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಯಿತು. ಹುಳದ ಮೊಟ್ಟೆ ಮನೆಯೊಳಗೆ ಬಂದದ್ದು ಅಡುಗೆ, ಮನೆಗೆಲಸದವರ ಕೈಯಿಂದ ಎಂಬುದೇ ಪರಿಶೀಲನೆಯಲ್ಲಿ ಸಿಕ್ಕ ವಿವರಣೆ. ಮನೆಯಲ್ಲೊಬ್ಬರ ಕರುಳಿನಲ್ಲಿ ಹುಳವಿದ್ದರೆ ಅದೇ ಮನೆಯ ಉಳಿದವರಿಗೆ, ಮುಖ್ಯವಾಗಿ ಮಕ್ಕಳಿಗೆ, ಅಪಾಯ ಎಲ್ಲರಿಗಿಂತ ಹೆಚ್ಚು. ಹುಳ ಹೊತ್ತವರು ಕೈತೊಳೆಯದೆ ತಮ್ಮದೇ ಮೊಟ್ಟೆಯನ್ನು ತಾವೇ ನುಂಗುವುದೂ ಉಂಟು.

ಎಲೆಕೋಸಿನ ಹುಳ ಮಿದುಳಿಗೆ ಹೋಗುತ್ತದೆ ಎಂದು ವಾಟ್ಸಾಪಿನಲ್ಲಿ ಬಂತು.

ಎಲೆಕೋಸು ಕತ್ತರಿಸುವಾಗ ಕಣ್ಣಿಗೆ ಬೀಳುವ ಹಸಿರು ಹುಳ ಪತಂಗದ ಮರಿ. ಅದು ತಿಂದರೂ ಜೀರ್ಣವಾಗುತ್ತದೆ, ಅಷ್ಟೇ. ಲಾಡಿಹುಳುವಿನ ಮೊಟ್ಟೆ ಕಣ್ಣಿಗೆ ಕಾಣುವುದೇ ಇಲ್ಲ, ಅಡ್ಡಳತೆ 30ರಿಂದ 45 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ). ಹಸಿ ಮಲ ಬಿದ್ದ ನೆಲದಲ್ಲಿ ಬೆಳೆದ ಅಥವಾ ಅಂಥ ನೀರಿನಲ್ಲಿ ತೊಳೆದ ಯಾವ ತರಕಾರಿಯ ಮೇಲಾದರೂ ಅದು ಇರಬಹುದು. ಕೊತ್ತಂಬರಿ, ಮೂಲಂಗಿ, ಕ್ಯಾರೆಟ್ ಎಲ್ಲಕ್ಕೂ ಈ ಮಾತು ಸಲ್ಲುತ್ತದೆ. ಬರೀ ಎಲೆಕೋಸಿಗೆ ಕೆಟ್ಟ ಹೆಸರು ಬಂದದ್ದು ಅನ್ಯಾಯ.

ಬೇಯಿಸಿದರೆ ಮೊಟ್ಟೆ ಸಾಯುತ್ತದೆ. ಹಸಿಯಾಗಿ ತಿನ್ನುವುದಾದರೆ ಎಲೆ ಎಲೆ ಬಿಡಿಸಿ, ಹರಿಯುವ ಕುಡಿಯುವ ನೀರಿನಲ್ಲಿ ಬೆರಳಿನಿಂದ ಉಜ್ಜಿ ತೊಳೆಯಿರಿ. ಗೆಡ್ಡೆಗಳ ಸಿಪ್ಪೆ ತೆಗೆಯಿರಿ. ಉಪ್ಪುನೀರು, ವಿನೆಗರ್, ಪೊಟ್ಯಾಸಿಯಂ ಪರ್ಮಾಂಗನೇಟ್ ಈ ಮೊಟ್ಟೆಯನ್ನು ಕೊಲ್ಲುತ್ತವೆ ಎಂದು ನಂಬಿ ಕೂರಬೇಡಿ, ಅದರ ಸಿಪ್ಪೆ ಬಹಳ ಗಟ್ಟಿ. ಇಲ್ಲಿ ಕೆಲಸ ಮಾಡುವುದು ಉಜ್ಜುವುದು, ನೆನೆಸುವುದಲ್ಲ.

ಕೈಲ್‌ಮುಹೂರ್ತ ಹಬ್ಬಕ್ಕೆ, ಮದುವೆಗೆ ದೊಡ್ಡ ಪಾತ್ರೆಯಲ್ಲಿ ಮಾಡುತ್ತೇವೆ. ಮಾಂಸ ಎಷ್ಟು ಬೇಯಬೇಕು?

ಮಾಂಸದ ತುಂಡಿನ ನಟ್ಟನಡುವೆ 60 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಗುಳ್ಳೆ ಸಾಯುತ್ತದೆ, ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯ ಮಾನದಂಡವೂ ಇದೇ. ಅಡುಗೆಮನೆಯಲ್ಲಿ ಸ್ವಲ್ಪ ಹೆಚ್ಚಿಗೆ, 70–75 ಡಿಗ್ರಿಯ ಗುರಿ ಇಟ್ಟುಕೊಳ್ಳಿ, ಆಗ ಬೇರೆ ರೋಗಾಣುಗಳ ಚಿಂತೆಯೂ ತಪ್ಪುತ್ತದೆ. ನಮ್ಮ ಪಂದಿಕರಿ ಈ ಲೆಕ್ಕದಲ್ಲಿ ಸುರಕ್ಷಿತ ಅಡುಗೆ. 2–3 ಸೆಂಟಿಮೀಟರ್ ತುಂಡು ಮಾಡಿ, ಅರಿಶಿನ, ಉಪ್ಪು, ಖಾರ ಹಾಕಿ ಮುಕ್ಕಾಲು ಗಂಟೆ, ಒಂದು ಗಂಟೆ ಕುದಿಸಿ, ಕೊನೆಯಲ್ಲಿ ಹುರಿದ ಮಸಾಲೆಪುಡಿ, ಕಾಚಂಪುಳಿ (ಕೊಡಗಿನ ಹುಳಿರಸ) ಬಿಡುವ ಕ್ರಮದಲ್ಲಿ ಗುಳ್ಳೆ ಉಳಿಯುವ ಸಂಭವವಿಲ್ಲ.

ತಪ್ಪುವುದು ಬೇರೆ ಕಡೆ. ದೊಡ್ಡ ಪಾತ್ರೆಗೆ 25–30 ಕೆ.ಜಿ. ಸುರಿದಾಗ ತಳ ಕುದಿಯುತ್ತಿರುತ್ತದೆ, ಮೇಲಿನ ತುಂಡುಗಳು ಇನ್ನೂ ಬೆಚ್ಚಗಷ್ಟೇ ಆಗಿರುತ್ತವೆ. ಪಾತ್ರೆಯ ನಡುವಿನಲ್ಲೂ ಕುದಿ ಬಂದ ಮೇಲೆಯೇ ಗಡಿಯಾರ ನೋಡಿ, ಅಲ್ಲಿವರೆಗೆ ತಳದಿಂದ ಮೇಲಕ್ಕೆ ಎರಡು ಮೂರು ಸಲ ಮಗುಚಿ. ಉಪ್ಪು ಖಾರ ನೋಡಲು ಅರ್ಧ ಬೆಂದ ತುಂಡನ್ನು ಬಾಯಿಗೆ ಹಾಕಿಕೊಳ್ಳಬೇಡಿ, ರಸವನ್ನಷ್ಟೇ ನೆಕ್ಕಿ ನೋಡಿ, ಅದೂ ಕುದಿದ ಮೇಲೆ. ಕಂಬಿಗೆ ಚುಚ್ಚಿ ಕೆಂಡದ ಮೇಲೆ ಸುಡುವಾಗ ಹೊರಗೆ ಕಪ್ಪಾಗಿ ಒಳಗೆ ಹಸಿ ಉಳಿಯುವುದು ಬಹಳ ಸಾಮಾನ್ಯ. ಎಲ್ಲಕ್ಕಿಂತ ದಪ್ಪನೆಯ ತುಂಡನ್ನು ಮುರಿದು ನೋಡಿ: ಎಳೆಗಳ ನಡುವೆ ಗುಲಾಬಿ ಬಣ್ಣ ಇದ್ದರೆ, ಮೂಳೆಯ ಪಕ್ಕ ಕೆಂಪು ರಸ ಒಸರಿದರೆ ಮತ್ತೆ ಕೆಂಡಕ್ಕೆ ಹಾಕಿ.

ಕಾಚಂಪುಳಿಯ ಹುಳಿಗೆ ಗುಳ್ಳೆ ಸಾಯುವುದಿಲ್ಲವೇ? ಒಲೆಯ ಮೇಲೆ ಹೊಗೆಗೆ ಕಟ್ಟಿದ ಮಾಂಸದ ಕಥೆ ಏನು?

ಹುಳಿಯನ್ನು ರುಚಿಗೆ ನಂಬಿ, ರಕ್ಷಣೆಗೆ ಬೇಡ. ಹೊಗೆಯೂ ಹಾಗೆಯೇ. ಅಟ್ಟದ ಹೊಗೆ ಮಾಂಸದ ನೀರು ಆರಿಸುತ್ತದೆ, ಆದರೆ ದಪ್ಪ ತುಂಡಿನ ಒಳಗೆ ಬೇಕಾದಷ್ಟು ಬಿಸಿ ತಲುಪಿಸುವುದಿಲ್ಲ. ಒಣಗಿದ ಮಾಂಸವನ್ನು ಮತ್ತೆ ಬೇಯಿಸಿಯೋ ಚೆನ್ನಾಗಿ ಹುರಿದೋ ತಿನ್ನುವುದು ನಮ್ಮ ವಾಡಿಕೆ, ಆ ವಾಡಿಕೆಯೇ ಕಾಪಾಡುತ್ತಿರುವುದು.

ಫ್ರೀಜರಿನಲ್ಲಿಟ್ಟರೆ ಸಾಕೇ?

ಮೈನಸ್ 10 ಡಿಗ್ರಿ ಅಥವಾ ಅದಕ್ಕಿಂತ ತಣ್ಣಗೆ, ಕನಿಷ್ಠ 10 ದಿನ ಇರಬೇಕು. ಒಂಟಿ ಬಾಗಿಲಿನ ಫ್ರಿಜ್‌ನ ಐಸ್ ಪೆಟ್ಟಿಗೆ ಈ ತಂಪನ್ನು ಎಡೆಬಿಡದೆ ಕಾಯುತ್ತದೆ ಎನ್ನಲಾಗದು. ಬೇರೆಯೇ ಡೀಪ್ ಫ್ರೀಜರ್ ಇದ್ದರೆ ಸರಿ. ಮಾಂಸವನ್ನು ಅರ್ಧ ಕೆ.ಜಿ.ಯ ಚಪ್ಪಟೆ ಪೊಟ್ಟಣ ಮಾಡಿ. ಮೂರು ಕೆ.ಜಿ.ಯ ಉಂಡೆ ಒಳಗಿನವರೆಗೆ ಗಟ್ಟಿಯಾಗಲು ಬಹಳ ಹೊತ್ತು ಹಿಡಿಯುತ್ತದೆ. ಪೂರ್ತಿ ಗಟ್ಟಿಯಾದ ದಿನದಿಂದ ಲೆಕ್ಕ ಶುರು. ಮಳೆಗಾಲದಲ್ಲಿ ಮರ ಬಿದ್ದು ಎರಡು ದಿನ ಕರೆಂಟ್ ಹೋಗಿ ಮಾಂಸ ಮೆತ್ತಗಾದರೆ ಎಣಿಸಿದ ದಿನಗಳೆಲ್ಲ ಹೋದ ಹಾಗೆ. ನಮ್ಮ ಜೂನ್–ಆಗಸ್ಟ್‌ಗೆ ಈ ಉಪಾಯ ಅಷ್ಟು ಹೊಂದುವುದಿಲ್ಲ, ಒಲೆಯೇ ಮೇಲು.

ಕೊಳ್ಳುವಾಗ ಮಾಂಸ ನೋಡಿ ಗುರುತಿಸಬಹುದೇ?

ಗುಳ್ಳೆ ಹೆಚ್ಚಿದ್ದರೆ ಗುರುತಿಸಬಹುದು. ಬಿಳಿಯ, ನೀರು ತುಂಬಿದ, ಅರ್ಧದಿಂದ ಒಂದು ಸೆಂಟಿಮೀಟರ್‌ನ ಮೊಟ್ಟೆಯಾಕಾರದ ಗುಳ್ಳೆ, ಒಳಗೊಂದು ಬಿಳಿ ಚುಕ್ಕೆ. ಆ ಚುಕ್ಕೆಯೇ ಹುಳದ ತಲೆ. ಕೊಬ್ಬಿನಲ್ಲಿ ಹುಡುಕಬೇಡಿ, ಕೆಂಪು ಮಾಂಸದಲ್ಲಿ ನೋಡಿ: ನಾಲಿಗೆ, ದವಡೆ, ಹೃದಯ, ವಪೆ, ಭುಜ, ತೊಡೆ. ಬದುಕಿರುವ ಹಂದಿಯಾದರೆ ಬಾಯಿ ಕಟ್ಟಿಗೆಯಿಂದ ತೆರೆದು, ನಾಲಿಗೆಯನ್ನು ಬಟ್ಟೆಯಲ್ಲಿ ಹಿಡಿದೆಳೆದು ಅಡಿಭಾಗ ಸವರಿ ನೋಡುವ ಹಳೆಯ ಪದ್ಧತಿ ಹಲವು ದೇಶಗಳಲ್ಲಿದೆ. ಗಂಟು ಸಿಕ್ಕರೆ ರೋಗ ಖಚಿತ. ಸಿಗದಿದ್ದರೆ ಏನೂ ಸಾಬೀತಾಗದು, ಕೆಲವೇ ಗುಳ್ಳೆಗಳಿರುವ ಹಂದಿ ಈ ಪರೀಕ್ಷೆಯಲ್ಲಿ ಸಲೀಸಾಗಿ ಪಾರಾಗುತ್ತದೆ.

ಗುಳ್ಳೆ ಕಂಡ ಮಾಂಸವನ್ನು ಮಾರಬೇಡಿ, ನಾಯಿಗೂ ಹಾಕಬೇಡಿ. ಆಳವಾಗಿ ಹೂಳಿ ಅಥವಾ ಸುಡಿ, ಪಶುವೈದ್ಯರಿಗೆ ತಿಳಿಸಿ. ಆ ಹಂದಿ ಬೆಳೆದ ಜಾಗದಲ್ಲಿ ಯಾರೋ ಒಬ್ಬರ ಕರುಳಿನಲ್ಲಿ ಹುಳವಿದೆ ಎಂಬುದಕ್ಕೆ ಅದೇ ಸಾಕ್ಷಿ.

ಕಾಡುಹಂದಿ?

ಬೇಟೆ ಕಾನೂನುಬಾಹಿರ, ಪ್ರಶ್ನೆ ಅಲ್ಲಿಗೇ ಮುಗಿಯಬೇಕು.

ದನದ ಮಾಂಸದಿಂದಲೂ ಮಿದುಳಿಗೆ ಬರುತ್ತದೆಯೇ?

ದನದ ಲಾಡಿಹುಳು ಬೇರೆ ಜಾತಿ, ಟೀನಿಯಾ ಸ್ಯಾಜಿನೇಟಾ. ಅದು ನಮ್ಮ ಕರುಳಿನಲ್ಲಿ ಬೆಳೆಯುತ್ತದೆ, ಮಿದುಳಿನ ಗುಳ್ಳೆ ಮಾಡುವುದಿಲ್ಲ.

ಕರುಳಿನಲ್ಲಿ ಹುಳವಿದೆ ಎಂದು ತಿಳಿಯುವುದು ಹೇಗೆ? ಶಾಲೆಯಲ್ಲಿ ಕೊಡುವ ಮಾತ್ರೆ ಸಾಕಾಗದೇ?

ಬಹುಪಾಲು ಜನರಿಗೆ ಏನೂ ಅನ್ನಿಸುವುದೇ ಇಲ್ಲ. ಮಲದಲ್ಲೋ ಒಳಉಡುಪಿನಲ್ಲೋ ಬಿಳಿಯ, ಚಪ್ಪಟೆ, ಶ್ಯಾವಿಗೆ ತುಂಡಿನಂಥದ್ದು ಕಂಡರೆ ಅದನ್ನು ಕೈಯಲ್ಲಿ ಮುಟ್ಟದೆ, ಮುಚ್ಚಳದ ಡಬ್ಬಿಯಲ್ಲಿ ಸ್ವಲ್ಪ ನೀರು ಹಾಕಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಒಯ್ಯಿರಿ. ಮಲಪರೀಕ್ಷೆಯಲ್ಲಿ ಮೊಟ್ಟೆ ಒಂದು ದಿನ ಕಂಡು ಮರುದಿನ ಕಾಣದೆ ಹೋಗುವುದರಿಂದ ಬೇರೆ ಬೇರೆ ದಿನ ಮೂರು ಸಲ ಕೊಡುವುದು ಒಳ್ಳೆಯದು.

ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು ಮಕ್ಕಳಿಗೆ ಕೊಡುವುದು ಅಲ್ಬೆಂಡಜೋಲ್ 400 ಮಿ.ಗ್ರಾಂ., ಒಂದೇ ಸಲ (1ರಿಂದ 2 ವರ್ಷದವರಿಗೆ ಅರ್ಧ). ಅದರ ಗುರಿ ದುಂಡುಹುಳು, ಕೊಕ್ಕೆಹುಳು, ಚಾಟಿಹುಳು. ಲಾಡಿಹುಳುವಿಗೆ ಆ ಒಂದು ಮಾತ್ರೆ ಭರವಸೆಯ ಮದ್ದಲ್ಲ. ಅದಕ್ಕೆ ಬಳಸುವುದು ನಿಕ್ಲೋಸಮೈಡ್ (ದೊಡ್ಡವರಿಗೆ 2 ಗ್ರಾಂ. ಒಂದೇ ಸಲ), ಪ್ರಾಜಿಕ್ವಾಂಟೆಲ್ (ಪ್ರತಿ ಕೆ.ಜಿ. ತೂಕಕ್ಕೆ 10 ಮಿ.ಗ್ರಾಂ., ಒಂದೇ ಸಲ) ಅಥವಾ ಅಲ್ಬೆಂಡಜೋಲ್ 400 ಮಿ.ಗ್ರಾಂ. ಮೂರು ದಿನ. ಇವನ್ನು ಅಂಗಡಿಯಿಂದ ತಂದು ನೀವೇ ನುಂಗಬೇಡಿ. ಪ್ರಾಜಿಕ್ವಾಂಟೆಲ್ ಮಿದುಳನ್ನೂ ತಲುಪುತ್ತದೆ. ಅಲ್ಲಿ ಯಾರಿಗೂ ಗೊತ್ತಿಲ್ಲದ ಗುಳ್ಳೆಯೊಂದು ಇದ್ದರೆ ಅದು ಸಾಯುವ ಭರದಲ್ಲಿ ಫಿಟ್ಸ್ ಬರಿಸಬಹುದು. ನಿಕ್ಲೋಸಮೈಡ್ ರಕ್ತಕ್ಕೆ ಹೀರಿಕೊಳ್ಳದೆ ಕರುಳಲ್ಲೇ ಕೆಲಸ ಮುಗಿಸುವುದರಿಂದ ಆ ಅಪಾಯವಿಲ್ಲ. ಮೊದಲು ತಲೆನೋವು, ಫಿಟ್ಸ್ ಬಂದದ್ದುಂಟೇ ಎಂದು ವೈದ್ಯರು ಕೇಳುವುದು ಈ ಕಾರಣಕ್ಕೆ, ಮರೆಮಾಚಬೇಡಿ.

ಗುಳ್ಳೆ ಮಿದುಳಿನಲ್ಲಿದ್ದರೆ ಕೂಡಲೇ ತೊಂದರೆ ಶುರುವಾಗುತ್ತದೆಯೇ?

ಸಾಮಾನ್ಯವಾಗಿ ಇಲ್ಲ, ಈ ರೋಗದ ವಿಚಿತ್ರವೇ ಅದು. ಜೀವಂತ ಗುಳ್ಳೆ ದೇಹದ ಕಾವಲಿನ ಕಣ್ಣಿಗೆ ಮಣ್ಣೆರಚಿ ವರ್ಷಗಟ್ಟಲೆ ತಣ್ಣಗಿರುತ್ತದೆ. ಅದು ಮುದಿಯಾಗಿ ಸಾಯತೊಡಗಿದಾಗ ಸುತ್ತ ಊತ ಏಳುತ್ತದೆ, ಆ ಊತ ಮಿದುಳಿನ ನರಕೋಶಗಳನ್ನು ಕೆರಳಿಸಿ ಫಿಟ್ಸ್ ತರುತ್ತದೆ. ಕೊನೆಗೆ ಸುಣ್ಣದ ಚುಕ್ಕೆಯಾಗಿ ಉಳಿಯುತ್ತದೆ. ಕೆಲವರಿಗೆ ಆ ಚುಕ್ಕೆಯಿಂದಲೂ ಫಿಟ್ಸ್ ಮರುಕಳಿಸುತ್ತದೆ.

ಈ ತಡವನ್ನು ಜಗತ್ತು ಕಲಿತದ್ದು ಭಾರತದಿಂದ. ಇಲ್ಲಿ ಸೇವೆ ಸಲ್ಲಿಸಿ ಮರಳಿದ ಬ್ರಿಟಿಷ್ ಸೈನಿಕರಲ್ಲಿ, ಊರು ಸೇರಿ ಕೆಲವು ವರ್ಷ ಕಳೆದ ಮೇಲೆ ಫಿಟ್ಸ್ ಕಾಣಿಸಿಕೊಳ್ಳುತ್ತಿತ್ತು. ಬ್ರಿಟಿಷ್ ವೈದ್ಯರಾದ ಡಿಕ್ಸನ್ ಮತ್ತು ಲಿಪ್ಸ್‌ಕೂಂಬ್ ಇಂಥ 450 ರೋಗಿಗಳನ್ನು ಬಹುಕಾಲ ಹಿಂಬಾಲಿಸಿ 1961ರಲ್ಲಿ ವರದಿ ಮಾಡಿದರು. ಮನೆಮನೆಯಲ್ಲೂ ಸೈನಿಕರಿರುವ ಜಿಲ್ಲೆಗೆ ಇದು ತಿಳಿದಿರಬೇಕಾದ ಇತಿಹಾಸ. ಎಲ್ಲೆಲ್ಲೋ ಉಂಡು, ಎಲ್ಲೆಲ್ಲೋ ನೀರು ಕುಡಿದು ಬಂದವರ ಮೊದಲ ಫಿಟ್ಸ್‌ಗೆ ಕಾರಣವನ್ನು ಹೋದ ತಿಂಗಳ ಊಟದಲ್ಲಿ ಹುಡುಕಿ ಪ್ರಯೋಜನವಿಲ್ಲ.

ರೋಗ ಹರಡಿರುವ ಪ್ರದೇಶಗಳಲ್ಲಿ ಅಪಸ್ಮಾರದ ಸುಮಾರು ಶೇ. 30ರಷ್ಟಕ್ಕೆ ಈ ಹುಳದ ನಂಟಿದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ತಮಿಳುನಾಡಿನ ವೆಲ್ಲೂರು ಜಿಲ್ಲೆಯಲ್ಲಿ ವೇದಾಂತಂ ರಾಜಶೇಖರ್ ಮತ್ತು ಸಂಗಡಿಗರು ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ, ಫಿಟ್ಸ್ ಇನ್ನೂ ಬರುತ್ತಿದ್ದವರಲ್ಲಿ ಮೂರನೇ ಒಂದು ಭಾಗದ ಆಸುಪಾಸು ಇದೇ ಲೆಕ್ಕ ಸಿಕ್ಕಿತು.

ಎದುರಿಗೇ ಫಿಟ್ಸ್ ಬಂದು ಬಿದ್ದರೆ ಏನು ಮಾಡಬೇಕು?

ಕೈಗೆ ಕಬ್ಬಿಣ, ಬೀಗದಕೈ ಕೊಡುವುದರಿಂದ ಏನೂ ಆಗದು. ಒಂದೆರಡು ನಿಮಿಷದಲ್ಲಿ ಫಿಟ್ಸ್ ತಾನಾಗೇ ನಿಲ್ಲುವುದರಿಂದ ಕಬ್ಬಿಣಕ್ಕೆ ಹೆಸರು ಬಂದಿದೆ ಅಷ್ಟೇ. ಸುತ್ತಲಿನ ಕತ್ತಿ, ಕಲ್ಲು, ಬಿಸಿಪಾತ್ರೆ ದೂರ ಸರಿಸಿ. ತಲೆಯಡಿ ಬಟ್ಟೆ ಮಡಚಿಡಿ. ಕುತ್ತಿಗೆಯ ಗುಂಡಿ ಸಡಿಲಿಸಿ. ಒಂದು ಪಕ್ಕಕ್ಕೆ ಹೊರಳಿಸಿ, ಜೊಲ್ಲು ಹೊರಗೆ ಹರಿಯಲಿ. ಬಾಯಿಗೆ ಚಮಚ, ಬೆರಳು, ನೀರು ಯಾವುದೂ ಬೇಡ. ಅದುರುವ ಕೈಕಾಲನ್ನು ಒತ್ತಿ ಹಿಡಿಯಬೇಡಿ. ಗಡಿಯಾರ ನೋಡಿ: 5 ನಿಮಿಷ ದಾಟಿದರೆ, ಎಚ್ಚರವಾಗುವ ಮೊದಲೇ ಮತ್ತೊಂದು ಬಂದರೆ, ನೀರಿನಲ್ಲಿ ಬಿದ್ದಿದ್ದರೆ ಅಥವಾ ಗರ್ಭಿಣಿಯಾದರೆ 108ಕ್ಕೆ ಕರೆ ಮಾಡಿ. ತೋಟದ ಒಳಗಿನಿಂದ ಡಾಂಬರು ರಸ್ತೆಗೆ ಬರಲೇ ಅರ್ಧ ಗಂಟೆ ಬೇಕೆಂದರೆ 5 ನಿಮಿಷ ಕಾಯದೆ ಜೀಪು ಹೊರಡಿಸಿ.

ಸಾಧ್ಯವಾದರೆ ಒಬ್ಬರು ಮೊಬೈಲಿನಲ್ಲಿ ಚಿತ್ರಿಸಿಕೊಳ್ಳಿ. ಅದುರು ಯಾವ ಕೈಯಿಂದ ಶುರುವಾಯಿತು, ಕಣ್ಣು ಯಾವ ಕಡೆ ವಾಲಿತು ಎಂಬುದು ವೈದ್ಯರಿಗೆ ಬಹಳ ಉಪಯೋಗದ ಸಂಗತಿ.

ಸ್ಕ್ಯಾನಿನಲ್ಲಿ "ಉಂಗುರದಂಥ ಒಂದು ಗಾಯ" ಎಂದು ಬರೆದಿದ್ದಾರೆ. ಗಡ್ಡೆಯೇ? ಕ್ಯಾನ್ಸರೇ?

ಭಾರತದಲ್ಲಿ ಫಿಟ್ಸ್ ಬಂದ ಮಕ್ಕಳಲ್ಲಿ, ಯುವಕರಲ್ಲಿ ಇಂಥ ಒಂಟಿ ಉಂಗುರ ಕಂಡರೆ ವೈದ್ಯರು ಮೊದಲು ಯೋಚಿಸುವುದು ಎರಡನ್ನು: ಸಾಯುತ್ತಿರುವ ಲಾಡಿಹುಳುವಿನ ಗುಳ್ಳೆ, ಇಲ್ಲವೇ ಕ್ಷಯದ ಗಂಟು. ಉಂಗುರ 20 ಮಿ.ಮೀ.ಗಿಂತ ಚಿಕ್ಕದು, ಅಂಚು ನಯ, ಸುತ್ತಲ ಊತ ಮಿದುಳನ್ನು ಪಕ್ಕಕ್ಕೆ ತಳ್ಳುವಷ್ಟಿಲ್ಲ, ರೋಗಿಗೆ ಜ್ವರವಿಲ್ಲ, ಕೈಕಾಲಿನ ಬಲಹೀನತೆ ಹೆಚ್ಚುತ್ತಿಲ್ಲ ಎಂದರೆ ತಕ್ಕಡಿ ಗುಳ್ಳೆಯ ಕಡೆ ವಾಲುತ್ತದೆ. ಎಂ.ಆರ್.ಐ.ನಲ್ಲಿ ಉಂಗುರದ ಒಳಗೆ ಹುಳದ ತಲೆಯ ಚುಕ್ಕೆ ಕಂಡರೆ ಬೇರೆ ಸಾಕ್ಷಿ ಬೇಡ. ಸುಣ್ಣಗಟ್ಟಿದ ಹಳೆಯ ಗುಳ್ಳೆ ಸಿ.ಟಿ.ಯಲ್ಲಿ ಹೆಚ್ಚು ಸ್ಪಷ್ಟ, ಹೀಗಾಗಿ ಕೆಲವರಿಗೆ ಎರಡೂ ಸ್ಕ್ಯಾನ್ ಬೇಕಾಗುತ್ತದೆ. ರಕ್ತಪರೀಕ್ಷೆಯೊಂದರ ಮೇಲೆ ನೆಚ್ಚಿಕೊಳ್ಳಬೇಡಿ: ಗುಳ್ಳೆ ಒಂದೇ ಇದ್ದಾಗ ಅದು ಇಲ್ಲವೆಂದು ತೋರಿಸುವುದು ಸಾಮಾನ್ಯ.

ಮಡಿಕೇರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಯಿಂದ ಮೈಸೂರಿಗೋ, ಬೆಂಗಳೂರಿನ ನಿಮ್ಹಾನ್ಸ್‌ಗೋ ಕಳಿಸಿದರೆ ಹಳೆಯ ಸ್ಕ್ಯಾನಿನ ಫಿಲ್ಮು ಅಥವಾ ಸಿ.ಡಿ. ಜೊತೆಗಿರಲಿ. ವರದಿಯ ಹಾಳೆ ಮಾತ್ರ ಸಾಲದು, ಗುಳ್ಳೆ ಕುಗ್ಗಿತೇ ಎಂದು ತಿಳಿಯುವುದು ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟಾಗಲೇ.

ಅಲ್ಬೆಂಡಜೋಲ್ ಅಗ್ಗದ ಮಾತ್ರೆ. ನಾವೇ ಕೊಟ್ಟುಬಿಡಬಾರದೇ?

ಕೊಡಬಾರದು. ಸಾಯುವ ಗುಳ್ಳೆಯಿಂದಲೇ ಊತ ಎಂದೆವಲ್ಲ, ಮಾತ್ರೆ ಮಾಡುವುದೂ ಅದನ್ನೇ, ಬೇಗ ಸಾಯಿಸುವುದು. ಆದ್ದರಿಂದ ಊತ ತಗ್ಗಿಸುವ ಸ್ಟಿರಾಯ್ಡನ್ನು ಮೊದಲೇ ಶುರು ಮಾಡಿ, ಫಿಟ್ಸ್ ತಡೆಯುವ ಮಾತ್ರೆಯ ಕಾವಲಿನಲ್ಲಿ ಇದನ್ನು ಕೊಡುತ್ತಾರೆ. ಒಂದೆರಡು ಗುಳ್ಳೆಗಳಿಗೆ ರೂಢಿಯ ಪ್ರಮಾಣ ಪ್ರತಿ ಕೆ.ಜಿ.ಗೆ ದಿನಕ್ಕೆ 15 ಮಿ.ಗ್ರಾಂ., ಎರಡು ಸಲ ಹಂಚಿ, 10ರಿಂದ 14 ದಿನ. 50 ಕೆ.ಜಿ. ತೂಗುವವರಿಗೆ ದಿನಕ್ಕೆ 750 ಮಿ.ಗ್ರಾಂ.ನಷ್ಟಾಯಿತು, ಶಾಲೆಯ ಮಾತ್ರೆಯ ಸುಮಾರು ಎರಡರಷ್ಟು, ಅದೂ ದಿನವೂ. ಎರಡಕ್ಕಿಂತ ಹೆಚ್ಚು ಗುಳ್ಳೆಗಳಿದ್ದರೆ ಪ್ರಾಜಿಕ್ವಾಂಟೆಲ್ ಕೂಡ ಸೇರುತ್ತದೆ. ಖಾಲಿ ಹೊಟ್ಟೆಯಲ್ಲಿ ಬೇಡ, ಎಣ್ಣೆ ತುಪ್ಪ ಇರುವ ಊಟದ ಜೊತೆ ತೆಗೆದುಕೊಂಡರೆ ಮದ್ದು ಹೆಚ್ಚು ಹೀರಿಕೊಳ್ಳುತ್ತದೆ.

ಕೊಡುವ ಮೊದಲು ಕಣ್ಣಿನ ಒಳಪರೀಕ್ಷೆ ಆಗಬೇಕು, ಕಣ್ಣೊಳಗೆ ಗುಳ್ಳೆಯಿದ್ದರೆ ಊತ ದೃಷ್ಟಿಯನ್ನೇ ಕಸಿಯಬಹುದು. ಮಿದುಳು ತುಂಬ ಗುಳ್ಳೆಗಳಿದ್ದು ಊತ ಎದ್ದಿರುವವರಿಗೆ, ತಲೆಯೊಳಗಿನ ಒತ್ತಡ ಏರಿರುವವರಿಗೆ ಈ ಮಾತ್ರೆ ಅಪಾಯ, ಮೊದಲು ಒತ್ತಡ ಇಳಿಸುತ್ತಾರೆ. ಬರೀ ಸುಣ್ಣದ ಚುಕ್ಕೆಯಿದ್ದರೆ ಹುಳದ ಮದ್ದೇ ಬೇಡ, ಸತ್ತದ್ದನ್ನು ಮತ್ತೆ ಕೊಲ್ಲುವುದೇನು?

ಫಿಟ್ಸ್ ಮಾತ್ರೆ ಎಷ್ಟು ಕಾಲ ಎಂಬುದು ಸ್ಕ್ಯಾನ್ ನೋಡಿ ತೀರ್ಮಾನವಾಗುತ್ತದೆ. ಒಂಟಿ ಗುಳ್ಳೆ ಪೂರ್ತಿ ಕರಗಿ, ಆರು ತಿಂಗಳು ಫಿಟ್ಸ್ ಬಾರದಿದ್ದರೆ ವೈದ್ಯರು ನಿಧಾನಕ್ಕೆ ಇಳಿಸಬಹುದು. ಚುಕ್ಕೆ ಉಳಿದರೆ ಹೆಚ್ಚು ಕಾಲ ಬೇಕಾಗುತ್ತದೆ. ಎಡವಟ್ಟು ಹೆಚ್ಚಾಗುವುದು ಇಲ್ಲಿಯೇ: ಮೂರು ತಿಂಗಳು ಆರಾಮಾಗಿದ್ದಾರೆಂದು ಕಾಫಿ ಕುಯ್ಲಿನ ಗಡಿಬಿಡಿಯಲ್ಲಿ ಮಾತ್ರೆ ನಿಂತುಹೋಗುತ್ತದೆ, ಒಮ್ಮೆಲೇ ನಿಲ್ಲಿಸಿದ್ದಕ್ಕೇ ಫಿಟ್ಸ್ ಇನ್ನೂ ಜೋರಾಗಿ ಮರಳುತ್ತದೆ. ಕುಯ್ಲು ಶುರುವಾಗುವ ಮೊದಲೇ ಎರಡು ತಿಂಗಳ ಮಾತ್ರೆ ತಂದಿಡಿ.

ಫಿಟ್ಸ್ ಇರುವವರಿಗೆ ತೋಟದಲ್ಲಿ ಯಾವ ಕೆಲಸ ಕೊಡಬಹುದು?

ಕೆಲಸ ತಪ್ಪಿಸಬೇಡಿ, ಎತ್ತರ ತಪ್ಪಿಸಿ. ಒಳ್ಳೆಮೆಣಸಿನ ಏಣಿ, ಮರ ಕಪಾತು, ಕಳೆ ಕತ್ತರಿಸುವ ಯಂತ್ರ, ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ), ಕೆರೆಯ ಪಂಪ್‌ಸೆಟ್ ಹತ್ತಿರ ಒಬ್ಬರೇ ಇರುವುದು, ಜೀಪು ಓಡಿಸುವುದು ಬೇಡ. ನೆಲದಲ್ಲಿ ನಿಂತು ಕಾಫಿ ಕುಯ್ಯುವುದು, ಕಣದಲ್ಲಿ ಹರವುವುದು, ನರ್ಸರಿಯ ಬುಟ್ಟಿ ತುಂಬಿಸುವುದು ಎಲ್ಲ ಆಗಬಹುದು. ಜೊತೆಯಲ್ಲಿ ಕೆಲಸ ಮಾಡುವ ಒಬ್ಬರಿಗೆ ಮೇಲಿನ ಪ್ರಥಮ ಚಿಕಿತ್ಸೆ ಗೊತ್ತಿರಲಿ. ಮನೆಯಲ್ಲಿ ಸೌದೆ ಒಲೆಯ ಹತ್ತಿರ ಒಂಟಿಯಾಗಿ ಕೂರದಿರಲಿ, ಸುಟ್ಟ ಗಾಯಗಳು ಹೆಚ್ಚಾಗಿ ಅಲ್ಲಿಯೇ ಆಗುತ್ತವೆ.

ನಾಲ್ಕು ಹಂದಿ ಸಾಕಿದ್ದೇವೆ. ಏನು ಗಮನಿಸಬೇಕು?

ಹಂದಿ ಮನುಷ್ಯರ ಮಲ ಮುಟ್ಟದ ಹಾಗೆ ನೋಡಿಕೊಂಡರೆ ಮುಕ್ಕಾಲು ಕೆಲಸ ಮುಗಿಯಿತು. ಬಿಟ್ಟು ಮೇಯಿಸಬೇಡಿ. ಸಿಮೆಂಟ್ ನೆಲ, ಚರಂಡಿಯ ಕಡೆ ಇಳಿಜಾರು, ಬೆಳೆದ ಹಂದಿಯೊಂದಕ್ಕೆ ಸುಮಾರು ಒಂದೂವರೆ ಚದರ ಮೀಟರ್ ಜಾಗ. ತೋಟದ ಕೆಲಸದವರು ಬಯಲಿಗೆ ಹೋಗುವ ಜಾಗದಿಂದ ಕೊಯ್ದ ಹಸಿ ಸೊಪ್ಪನ್ನು ಹಾಕಬೇಡಿ. ಗೂಡಿನಲ್ಲಿ ಕಟ್ಟಿಯೇ ಸಾಕಿದ್ದೆ, ಆದರೂ ರೋಗ ಬಂತು ಎನ್ನುವವರ ಲೆಕ್ಕ ತಪ್ಪುವುದು ಈ ಸೊಪ್ಪಿನಲ್ಲಿ, ಇಲ್ಲವೇ ಮಲದ ಗುಂಡಿಯ ಕೆಳಗಿನ ತೋಡಿನಿಂದ ತಂದ ನೀರಿನಲ್ಲಿ. ಗೂಡು ತೊಳೆಯುವವರ ಕೈಯೂ ಲೆಕ್ಕಕ್ಕೆ ಬರುತ್ತದೆ.

ಹೋಟೆಲ್, ರೆಸಾರ್ಟ್‌ಗಳ ಮುಸುರೆ ತರುವವರು ಅದನ್ನು 90 ಡಿಗ್ರಿಯಲ್ಲಿ ಕನಿಷ್ಠ 60 ನಿಮಿಷ, ತಿರುವುತ್ತ ಬೇಯಿಸಬೇಕು. ಈ ಅಳತೆ ಆಫ್ರಿಕನ್ ಹಂದಿಜ್ವರಕ್ಕಾಗಿ ಹೇಳಿದ್ದು. 2020ರಲ್ಲಿ ಈಶಾನ್ಯ ರಾಜ್ಯಗಳ ಮೂಲಕ ಭಾರತಕ್ಕೆ ಬಂದ ಆ ಜ್ವರ ಮನುಷ್ಯರಿಗೆ ತಗಲದು, ಆದರೆ ಗೂಡನ್ನೇ ಖಾಲಿ ಮಾಡುತ್ತದೆ. ಒಂದೇ ಕುದಿಯಲ್ಲಿ ಲಾಡಿಹುಳುವಿನ ಮೊಟ್ಟೆಯೂ ಸಾಯುತ್ತದೆ.

ಹಂದಿಗೆ ಲಸಿಕೆ ಇದೆಯಂತೆ?

ಇದೆ, ಅದು ಪರಿಣಾಮಕಾರಿಯೂ ಹೌದು. ಟಿಸಾಲ್-18 ಎಂಬ ಈ ಲಸಿಕೆಯನ್ನು ರೂಪಿಸಿದವರು ಮೆಲ್ಬರ್ನ್ ವಿಶ್ವವಿದ್ಯಾಲಯದ ಮಾರ್ಷಲ್ ಲೈಟೌಲರ್ಸ್ ಮತ್ತು ಸಂಗಡಿಗರು, ತಯಾರಿಸಿ ಮಾರುಕಟ್ಟೆಗೆ ತಂದದ್ದು ಹೈದರಾಬಾದಿನ ಇಂಡಿಯನ್ ಇಮ್ಯುನಾಲಾಜಿಕಲ್ಸ್, ಸಿಸ್ವ್ಯಾಕ್ಸ್ ಹೆಸರಿನಲ್ಲಿ. ಮರಿಗೆ ಎರಡು ತಿಂಗಳಾದ ಮೇಲೆ ಮೊದಲ ಚುಚ್ಚುಮದ್ದು, ಮೂರು ನಾಲ್ಕು ವಾರ ಬಿಟ್ಟು ಎರಡನೆಯದು. ಒಂದೇ ಹಾಕಿಸಿ ಬಿಟ್ಟರೆ ರಕ್ಷಣೆ ಸಾಲದು.

ಲಸಿಕೆ ಹೊಸ ಮೊಟ್ಟೆಯಿಂದ ಹೊರಬರುವ ಮರಿಯನ್ನು ತಡೆಯುತ್ತದೆ, ಆಗಲೇ ಮಾಂಸದಲ್ಲಿ ಕೂತ ಗುಳ್ಳೆಯನ್ನು ಮುಟ್ಟುವುದಿಲ್ಲ. ಅದಕ್ಕೆ ಆಕ್ಸ್‌ಫೆಂಡಜೋಲ್, ಪ್ರತಿ ಕೆ.ಜಿ.ಗೆ 30 ಮಿ.ಗ್ರಾಂ., ಬಾಯಿಯಿಂದ ಒಂದೇ ಸಲ. 60 ಕೆ.ಜಿ. ಹಂದಿಗೆ 1,800 ಮಿ.ಗ್ರಾಂ., ಶೇ. 10ರ ದ್ರಾವಣವಾದರೆ 18 ಮಿ.ಲೀ. ಕರುಳಿನ ಹುಳಕ್ಕೆ ಕೊಡುವ ಸಾಮಾನ್ಯ ಪ್ರಮಾಣ ಇದರ ಆರನೇ ಒಂದು ಭಾಗ ಮಾತ್ರ, ಅದನ್ನೇ ಕೊಟ್ಟು ಗುಳ್ಳೆ ಹೋಗಲಿಲ್ಲ ಎನ್ನುವುದು ಮದ್ದಿನ ತಪ್ಪಲ್ಲ. ತೂಕವನ್ನು ಕಣ್ಣಂದಾಜಿನಲ್ಲಿ ಹಾಕಬೇಡಿ. ಸತ್ತ ಗುಳ್ಳೆ ಮಾಂಸದಿಂದ ಮಾಯವಾಗಲು ಮೂರು ತಿಂಗಳವರೆಗೆ ಬೇಕು, ಹಬ್ಬದ ಹಿಂದಿನ ವಾರ ಮದ್ದು ಹಾಕಿ ಕಡಿಯುವ ಯೋಚನೆ ಬಿಡಿ. ಲೇಬಲ್‌ನಲ್ಲಿ ಬರೆದ ಕಾಯುವ ಅವಧಿಯೂ ಮುಗಿಯಬೇಕು. ನೇಪಾಳದ ಬಾಂಕೆ ಜಿಲ್ಲೆಯಲ್ಲಿ ಲಸಿಕೆ ಮತ್ತು ಮದ್ದನ್ನು ಮೂರು ತಿಂಗಳಿಗೊಮ್ಮೆ ಜೊತೆಯಾಗಿ ಕೊಟ್ಟ ಪ್ರಯೋಗ 2019ರಲ್ಲಿ ಪ್ರಕಟವಾಯಿತು. ಕೊಟ್ಟ ಕಡೆ ಹಂದಿಗಳಿಂದ ರೋಗ ಹರಡುವುದು ನಿಂತಿತ್ತು.

ಕುಯ್ಲಿಗೆ ಹೊರಗಿನಿಂದ ಜನ ಬರುತ್ತಾರೆ. ಎಲ್ಲರಿಗೂ ಪರೀಕ್ಷೆ ಮಾಡಿಸಬೇಕೇ?

ಹೊರಗಿನವರಿಗಷ್ಟೇ ಪರೀಕ್ಷೆ ಎಂಬ ಯೋಚನೆ ನಮಗೆ ಒಪ್ಪಿಗೆಯಿಲ್ಲ. ಹುಳಕ್ಕೆ ಊರು, ಭಾಷೆ ಗೊತ್ತಿಲ್ಲ, ಬೊಟ್ಟು ಮಾಡಿದರೆ ಹುಳವಿದ್ದವರು ಬಾಯಿ ಮುಚ್ಚಿಕೊಳ್ಳುತ್ತಾರೆ. ಆ ದುಡ್ಡನ್ನು ಲೈನ್‌ಮನೆಯ (ತೋಟದ ಕೆಲಸದವರ ಸಾಲುಮನೆಯ) ಶೌಚಾಲಯಕ್ಕೆ, ಸಾಬೂನು ನೀರಿಗೆ ಹಾಕಿ. ತೋಟದ ನಡುವೆ ಕೆಲಸ ಮಾಡುವಾಗ ಲೈನ್‌ಮನೆ ಎರಡು ಕಿಲೋಮೀಟರ್ ದೂರವಿದ್ದರೆ ಯಾರೂ ಅಲ್ಲಿಗೆ ಹೋಗುವುದಿಲ್ಲ, ಕುಯ್ಲಿನ ಬ್ಲಾಕಿನ ಹತ್ತಿರವೇ ಒಂದು ಬೇಕು.

ಜೋಡಿ ಗುಂಡಿಯ ಶೌಚಾಲಯ ನಮ್ಮ ಇಳಿಜಾರಿಗೆ ಹೊಂದುತ್ತದೆ, ಜಾಗ ಸರಿಯಾಗಿ ಆರಿಸಿದರೆ. ಗುಂಡಿ ಬಾವಿಯಿಂದ ಕನಿಷ್ಠ 10 ಮೀಟರ್ ದೂರ, ಬಾವಿಗಿಂತ ತಗ್ಗಿನಲ್ಲಿರಲಿ. ಗದ್ದೆಯ ಅಂಚಿನಲ್ಲಿ ತೋಡಿದರೆ ಜುಲೈಯಲ್ಲಿ ಒರತೆ ಉಕ್ಕಿ ಗುಂಡಿಯ ಮಲವೆಲ್ಲ ತೋಡಿಗೆ ಸೇರುತ್ತದೆ. ಅಂಥ ಕಡೆ ಗುಂಡಿಯನ್ನು ನೆಲಕ್ಕಿಂತ ಎತ್ತರಿಸಿ ಕಟ್ಟಿ ಸುತ್ತ ಮಣ್ಣು ಏರಿಸಬೇಕು. ಒಂದು ತುಂಬಿದಾಗ ಮುಚ್ಚಿ ಇನ್ನೊಂದಕ್ಕೆ ತಿರುಗಿಸಿ. ಮುಚ್ಚಿದ್ದನ್ನು ಎರಡು ವರ್ಷದ ಮೊದಲು ತೆಗೆದು ಗಿಡಕ್ಕೆ ಹಾಕಬೇಡಿ, ತಂಪು ನೆರಳಿನ ಮಣ್ಣಿನಲ್ಲಿ ಈ ಮೊಟ್ಟೆ ತಿಂಗಳುಗಟ್ಟಲೆ ಬದುಕುತ್ತದೆ. ಕಾಫಿಯ ನೆರಳು ಅದಕ್ಕೂ ಹಿತವೇ.

ಆಹಾರ ಭದ್ರತೆಗೂ ಇದಕ್ಕೂ ಏನು ಸಂಬಂಧ?

ಮುಸುರೆ, ಗೆಣಸು, ಹಲಸಿನ ಸಿಪ್ಪೆ ತಿಂದು ಮಾಂಸ ಕೊಡುವ ಪ್ರಾಣಿ ಹಂದಿ. ಚಿಕ್ಕ ಹಿಡುವಳಿಯವರಿಗೆ ಅದು ನಡೆದಾಡುವ ಉಳಿತಾಯ ಖಾತೆ. ಗುಳ್ಳೆ ಕಂಡ ಹಂದಿಗೆ ಬೆಲೆಯಿಲ್ಲ. ಅದಕ್ಕಿಂತ ಕೆಟ್ಟದ್ದು, ಕದ್ದು ಕಡಿದು ಅಗ್ಗಕ್ಕೆ ಮಾರಿದಾಗ ಹುಳ ಬಡವರ ತಟ್ಟೆಗೆ ಬೀಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2014ರಲ್ಲಿ ಆಹಾರದ ಮೂಲಕ ಬರುವ ಪರಾವಲಂಬಿಗಳ ಪಟ್ಟಿ ಮಾಡಿದಾಗ ಮೊದಲ ಸ್ಥಾನ ಸಿಕ್ಕಿದ್ದು ಇದಕ್ಕೇ.

ಪೂರ್ತಿ ಇಲ್ಲವಾಗಿಸಿದ ಊರು ಎಲ್ಲಾದರೂ ಇದೆಯೇ?

ಪೆರು ದೇಶದ ಟುಂಬೆಸ್ ಪ್ರಾಂತ್ಯದಲ್ಲಿ ಜನರಿಗೆ ಹುಳದ ಮದ್ದು, ಹಂದಿಗಳಿಗೆ ಮದ್ದು, ಕೊನೆಯ ಹಂತದಲ್ಲಿ ಲಸಿಕೆಯನ್ನೂ ಕೊಟ್ಟು, ಎಲ್ಲ ಮುಗಿದು ಒಂದು ವರ್ಷದ ಮೇಲೆ ನೋಡಿದಾಗ 107 ಹಳ್ಳಿಗಳಲ್ಲಿ 105ರಲ್ಲಿ ರೋಗ ಹರಡುವುದು ಕಾಣಲಿಲ್ಲ. ಹೆಕ್ಟರ್ ಗಾರ್ಸಿಯಾ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ್ದು. ಜನರಿಗೆ ಮಾತ್ರ ಅಥವಾ ಹಂದಿಗೆ ಮಾತ್ರ ಮದ್ದು ಕೊಟ್ಟು ನಿಲ್ಲಿಸಿದರೆ ಉಳಿದ ಕಡೆಯಿಂದ ಹುಳ ಮರಳುತ್ತದೆ.

ತೋಟದ ಕೆರೆ, ತೋಡಿನ ನೀರು ಕುಡಿಯಬಹುದೇ?

ಕುದಿಸಿ ಕುಡಿಯಿರಿ. ಕ್ಲೋರಿನ್ ಮಾತ್ರೆಯನ್ನು ಈ ಮೊಟ್ಟೆ ತಡೆದುಕೊಳ್ಳುತ್ತದೆ. ಒಂದು ಮೈಕ್ರಾನ್ ರಂಧ್ರದ ಫಿಲ್ಟರ್ ಅದನ್ನು ತಡೆಯುತ್ತದೆ, ಆದರೆ ಮಳೆಗಾಲದ ಕೆಸರು ನೀರಿಗೆ ಬೇಗ ಕಟ್ಟಿಕೊಳ್ಳುತ್ತದೆ. ಮೊದಲು ನೀರನ್ನು ಒಂದು ರಾತ್ರಿ ತಿಳಿಯಾಗಲು ಬಿಡಿ, ಮೇಲಿನದನ್ನಷ್ಟೇ ಬಗ್ಗಿಸಿಕೊಂಡು ಫಿಲ್ಟರಿಗೆ ಹಾಕಿ. ತಳದಲ್ಲಿ ಉಳಿದ ಗಷ್ಟನ್ನು ಕೊತ್ತಂಬರಿ ಪಾತಿಗೆ ಚೆಲ್ಲಬೇಡಿ.